ಚಾಗೋಸ್ ಮಾತುಕತೆ: ಒಂದೇ ಒಪ್ಪಂದ, ಪೇಪರಿಗೊಂದು ಕಥೆ ಯಾಕೆ?

ಡಿಯಾಗೊ ಗಾರ್ಸಿಯಾ ಅನ್ನೋ ಹೆಸರು ಕೊಡಗಲ್ಲಿ ಅಷ್ಟೇನೂ ಹೊಸದಲ್ಲ. ಮಿಲ್ಟ್ರಿಯಲ್ಲಿ ಇದ್ದು ಬಂದವರು ಇಲ್ದೇ ಇರೋ ಊರು ಇಲ್ಲಿ ಹುಡುಕಿದ್ರೂ ಸಿಗೋದು ಕಷ್ಟ, ಅದ್ರಲ್ಲೂ ನೇವಿಯಲ್ಲಿ ಇದ್ದವ್ರ ಹತ್ರ ಕೂತ್ರೆ ಹಿಂದೂ ಮಹಾಸಾಗರದ ಆ ಅಮೆರಿಕನ್ ಬೇಸ್ ವಿಷಯ ಒಂದಲ್ಲ ಒಂದು ಸಲ ಬಂದೇ ಬರುತ್ತೆ. ಹಂಗಾಗಿ 2025ರ ಮೇ 22ಕ್ಕೆ ಬ್ರಿಟನ್ ಮತ್ತು ಮಾರಿಷಸ್ ಚಾಗೋಸ್ ದ್ವೀಪಗಳ ಒಪ್ಪಂದಕ್ಕೆ (ದ್ವೀಪಗಳ ಒಡೆತನ ಮಾರಿಷಸ್‌ಗೆ, ಡಿಯಾಗೊ ಗಾರ್ಸಿಯಾ ಬೇಸ್ ಮಾತ್ರ 99 ವರ್ಷ ಬ್ರಿಟನ್ ಕೈಲಿ) ಸಹಿ ಹಾಕಿದಾಗ ವಾಟ್ಸಾಪ್ ಗ್ರೂಪುಗಳಲ್ಲಿ ಲಿಂಕ್ ಮೇಲೆ ಲಿಂಕ್ ಬೀಳೋಕೆ ಶುರುವಾಯ್ತು. ಒಂದ್ರಲ್ಲಿ ಬ್ರಿಟನ್ ಶರಣಾಯ್ತು ಅಂತ, ಇನ್ನೊಂದ್ರಲ್ಲಿ ಭಾರತದ ರಾಜತಾಂತ್ರಿಕ ಗೆಲುವು ಅಂತ, ಮತ್ತೊಂದ್ರಲ್ಲಿ ಚೀನಾ ಬಂದು ಬಾಗಿಲಲ್ಲಿ ನಿಂತಿದೆ ಅಂತ. ದುಡ್ಡಿನ ಲೆಕ್ಕ ಅಂತೂ ಕೇಳ್ಲೇಬೇಡಿ, ಒಬ್ಬರು 340 ಕೋಟಿ ಪೌಂಡ್ ಅಂದ್ರೆ ಇನ್ನೊಬ್ಬರು 3,000 ಕೋಟಿ ಪೌಂಡ್ ದಾಟುತ್ತೆ ಅಂತಾರೆ.

ತಮಾಷೆ ಏನಂದ್ರೆ ಇವ್ರಲ್ಲಿ ಬಹಳ ಜನ ಸುಳ್ಳು ಬರೆದಿಲ್ಲ. ಇಂಥ ಮಾತುಕತೆ ನಡೆಯೋದು ಮುಚ್ಚಿದ ರೂಮಲ್ಲಿ, ರಿಪೋರ್ಟರ್ ಒಳಗೆ ಕೂತಿರಲ್ಲ. ಹೊರಗೆ ಬಂದು ಯಾರು ಮೊದಲು ಬಾಯಿ ಬಿಡ್ತಾರೋ ಅವ್ರ ಮಾತೇ ಮರುದಿನದ ಹೆಡ್‌ಲೈನ್. ಚಾಗೋಸ್ ಸುದ್ದಿ ಅರ್ಥ ಆಗ್ಬೇಕು ಅಂದ್ರೆ ಒಪ್ಪಂದದ ಜೊತೆಗೆ ಅದನ್ನ ಯಾರು ಯಾರಿಗೆ ಯಾವಾಗ ಹೇಳಿದ್ರು ಅನ್ನೋದನ್ನೂ ನೋಡ್ಬೇಕು.

ಮೊದಲು ಹಿನ್ನೆಲೆ, ಆದಷ್ಟು ಚಿಕ್ಕದಾಗಿ. ಚಾಗೋಸ್ ಅಂದ್ರೆ ಅರವತ್ತಕ್ಕೂ ಜಾಸ್ತಿ ಪುಟ್ಟ ದ್ವೀಪಗಳ ಗುಂಪು, ದೊಡ್ಡದು ಡಿಯಾಗೊ ಗಾರ್ಸಿಯಾ. ಕನ್ಯಾಕುಮಾರಿಯಿಂದ ಸುಮಾರು 1,700-1,800 ಕಿಲೋಮೀಟರ್ ದಕ್ಷಿಣಕ್ಕಿದೆ. ಮಾರಿಷಸ್‌ನಿಂದ 2,000 ಕಿಲೋಮೀಟರ್‌ಗಿಂತ ಜಾಸ್ತಿ, ಅಂದ್ರೆ ದೂರದ ಲೆಕ್ಕದಲ್ಲಿ ಅದು ನಮಗೇ ಹತ್ರ. ಮಾರಿಷಸ್ ಬ್ರಿಟಿಷ್ ವಸಾಹತು ಆಗಿದ್ದಾಗ ಚಾಗೋಸ್ ಅದ್ರ ಆಡಳಿತದಲ್ಲೇ ಇತ್ತು. 1965ರ ನವೆಂಬರಲ್ಲಿ ಬ್ರಿಟನ್ ಅದನ್ನ ಕತ್ತರಿಸಿ ಬೇರೆ ಮಾಡಿ ಬ್ರಿಟಿಷ್ ಇಂಡಿಯನ್ ಓಷನ್ ಟೆರಿಟರಿ ಅಂತ ಹೆಸರಿಟ್ಟಿತು, ಮಾರಿಷಸ್‌ಗೆ 30 ಲಕ್ಷ ಪೌಂಡ್ ಕೊಡ್ತು, 1968ರ ಮಾರ್ಚಲ್ಲಿ ಸ್ವಾತಂತ್ರ್ಯನೂ ಕೊಡ್ತು. ಇದಕ್ಕೆ ಮುಂಚೆ 1965ರ ಸೆಪ್ಟೆಂಬರಲ್ಲಿ ಲಂಡನ್ನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮತ್ತು ಮಾರಿಷಸ್ ನಾಯಕ ಸೀವೂಸಾಗರ್ ರಾಮ್‌ಗೂಲಾಮ್ ಭೇಟಿ ಆಗಿತ್ತು. ಆ ಭೇಟಿಗೆ ವಿಲ್ಸನ್‌ಗೆ ಅಧಿಕಾರಿಗಳು ಬರೆದುಕೊಟ್ಟ ಟಿಪ್ಪಣಿ ಎಷ್ಟೋ ವರ್ಷ ಆದ್ಮೇಲೆ ಹೊರಗೆ ಬಂತು. ಸ್ವಾತಂತ್ರ್ಯ ಸಿಗುತ್ತೆ ಅನ್ನೋ ಆಸೆ ತೋರಿಸಿ, ದ್ವೀಪದ ವಿಷಯದಲ್ಲಿ ಒಪ್ಪದಿದ್ರೆ ಸಿಗ್ದೇನೂ ಹೋಗಬಹುದು ಅನ್ನೋ ಭಯ ಹುಟ್ಟಿಸಬೇಕು ಅನ್ನೋದು ಅದ್ರ ಸಾರಾಂಶ. ಅಂದು ಆ ರೂಮಲ್ಲಿ ಕೂತಿದ್ದವರ ಮಗ ನವೀನ್ ರಾಮ್‌ಗೂಲಾಮ್‌ನೇ 2025ರಲ್ಲಿ ಮಾರಿಷಸ್ ಪ್ರಧಾನಿಯಾಗಿ ಸಹಿ ಹಾಕಿದ್ದು.

1966ರ ಡಿಸೆಂಬರಲ್ಲಿ ಬ್ರಿಟನ್ ಆ ದ್ವೀಪಗಳನ್ನ ರಕ್ಷಣಾ ಕೆಲಸಕ್ಕೆ ಅಂತ ಅಮೆರಿಕಕ್ಕೆ 50 ವರ್ಷಕ್ಕೆ ಬಿಟ್ಟುಕೊಡ್ತು. ಬಾಡಿಗೆ ಇಲ್ಲ ಅಂತ ಹೊರಗೆ ಹೇಳಿದ್ರು, ಒಳಗೊಳಗೆ ಬ್ರಿಟನ್ ಅಮೆರಿಕದಿಂದ ಕೊಳ್ತಿದ್ದ ಪೊಲಾರಿಸ್ ಕ್ಷಿಪಣಿಯ ಸಂಶೋಧನಾ ಖರ್ಚಲ್ಲಿ 1.4 ಕೋಟಿ ಡಾಲರ್ ಮಾಫಿ ಆಗಿತ್ತು. ಅಮೆರಿಕದ ಸಂಸತ್ತಿಗೂ ಗೊತ್ತಿರ್ಲಿಲ್ಲ, ಬ್ರಿಟನ್ ಸಂಸತ್ತಿಗೂ ಗೊತ್ತಿರ್ಲಿಲ್ಲ, ಪೇಪರಿನವರಿಗೆ ಹೇಳೋ ಮಾತು ದೂರ ಉಳೀತು.

ಈಗ ಜನರ ವಿಷಯಕ್ಕೆ ಬರೋಣ. 1968ರಿಂದ 1973ರ ಒಳಗೆ ಸುಮಾರು 1,500ರಿಂದ 2,000 ಜನರನ್ನ ಅಲ್ಲಿಂದ ಎತ್ತಂಗಡಿ ಮಾಡಿ ಮಾರಿಷಸ್, ಸೇಶೆಲ್ಸ್‌ಗೆ ಸಾಗಿಸಿದ್ರು. ಅವ್ರ ಸಾಕು ನಾಯಿಗಳನ್ನ ಕೊಂದ್ರು. ಅವ್ರು ತೆಂಗಿನ ತೋಟಗಳಲ್ಲಿ ಕೊಬ್ಬರಿ ಕೆಲಸ ಮಾಡ್ಕೊಂಡಿದ್ದವರು, ತಲೆತಲಾಂತರದಿಂದ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರು. ಆದ್ರೆ ಬ್ರಿಟಿಷ್ ಅಧಿಕಾರಿಗಳು ಕಾಗದದ ಮೇಲೆ ಏನು ತೋರಿಸಿದ್ರು ಗೊತ್ತಾ, ಇವ್ರೆಲ್ಲಾ ಕಾಂಟ್ರಾಕ್ಟ್ ಮೇಲೆ ಬಂದ ಕೂಲಿಗಳು, ಇಲ್ಲಿ ಕಾಯಂ ನಿವಾಸಿ ಅಂತ ಯಾರೂ ಇಲ್ಲ.

ಇದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾದ ವಿಷಯಾನೇ ಅಲ್ಲ. ನಮ್ಮ ಕಾಫಿ ತೋಟಗಳ ಲೈನ್ ಮನೆ ಇದೆಯಲ್ಲಾ, ಅಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂರು ತಲೆಮಾರು ಅದೇ ಗೋಡೆ ಒಳಗೆ ಹುಟ್ಟಿರ್ತಾರೆ, ಆದ್ರೆ ಮನೆ ಹೆಸರಲ್ಲಿ ಒಂದು ಚೂರು ಕಾಗದ ಇರಲ್ಲ, ತೋಟ ಕೈ ಬದಲಾದ್ರೆ ಹೊಸ ಮಾಲೀಕರ ರೈಟರ್ (ತೋಟದ ಗುಮಾಸ್ತ) ಬಂದು ನೀವು ಕೆಲ್ಸಕ್ಕೆ ಬಂದೋರು ತಾನೇ ಅಂದ್ರೆ ಅವ್ರ ಹತ್ರ ತೋರಿಸೋಕೆ ಏನೂ ಇರಲ್ಲ. ಚಾಗೋಸಲ್ಲಿ ಆಗಿದ್ದು ಇದೇ, ರೈಟರ್ ಜಾಗದಲ್ಲಿ ಒಂದು ಸರ್ಕಾರ ನಿಂತಿತ್ತು ಅಷ್ಟೇ. ಕಾರಣನೂ ಇತ್ತು: ವಿಶ್ವಸಂಸ್ಥೆಯ ಸನ್ನದಿನ 73ನೇ ವಿಧಿ ಪ್ರಕಾರ, ಸ್ವಂತ ಆಡಳಿತ ಇಲ್ಲದ ಪ್ರದೇಶ ಇಟ್ಟುಕೊಂಡಿರೋ ದೇಶ ಅಲ್ಲಿನ ಜನರ ಹಿತ ಕಾಯಬೇಕು, ವಿಶ್ವಸಂಸ್ಥೆಗೆ ವರದಿ ಕೊಡಬೇಕು. ಜನಾನೇ ಇಲ್ಲ ಅಂದ್ಮೇಲೆ ಯಾರ ಹಿತ, ಯಾವ ವರದಿ?

ಪೇಪರುಗಳು ಇಷ್ಟು ದಿನ ಏನ್ ಮಾಡ್ತಿದ್ವು ಅಂತ ಕೇಳಬಹುದು. ಹೆಚ್ಚೇನೂ ಇಲ್ಲ. ದೊಡ್ಡ ಮಟ್ಟದಲ್ಲಿ ಈ ಎತ್ತಂಗಡಿ ಜಗತ್ತಿಗೆ ಗೊತ್ತಾಗಿದ್ದು 1975ರ ಸೆಪ್ಟೆಂಬರಲ್ಲಿ ವಾಷಿಂಗ್ಟನ್ ಪೋಸ್ಟ್ ಬರೆದ ಮೇಲೆ, ಅಷ್ಟೊತ್ತಿಗೆ ಕೊನೇ ಹಡಗು ಹೊರಟು ಎರಡು ವರ್ಷ ಆಗಿತ್ತು. ಸರ್ಕಾರಗಳು ಹೊರಡಿಸಿದ ಪ್ರಕಟಣೆಯಲ್ಲಿ ಜನ ಇದ್ದಾರೆ ಅಂತಾನೇ ಇರ್ಲಿಲ್ಲ, ಪ್ರಕಟಣೆ ನಂಬಿ ಬರೆದವರಿಗೆ ಜನ ಕಾಣ್ಲಿಲ್ಲ.

ಪ್ರಕಟಣೆ ಅಂದ ಕೂಡ್ಲೇ ನನಗೆ ನೆನಪಾಗೋದು ನಮ್ಮದೇ 1834. ಚಿಕ್ಕವೀರರಾಜನನ್ನ ಇಳಿಸಿದ ಮೇಲೆ ಆ ಮೇ ತಿಂಗಳಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಬ್ರಿಟಿಷರ ರಕ್ಷಣೆಗೆ ಬರಬೇಕು ಅನ್ನೋದು ಕೊಡಗಿನ ಜನರ ಒಮ್ಮತದ ಇಚ್ಛೆ ಅಂತ ಬರೆದಿತ್ತು. ಒಮ್ಮತ! ಯಾರನ್ನ ಕೇಳಿ ಬರೆದ್ರೋ. ಕೈ ಬದಲಾಯಿಸೋ ಕಾಗದಗಳಲ್ಲಿ ಜನರ ಇಚ್ಛೆ ಅನ್ನೋ ಸಾಲು ಕಂಡ್ರೆ ಅದನ್ನ ಬರೆದವರು ಯಾರು ಅಂತ ನೋಡೋ ಚಾಳಿ ನನಗೆ ಬಂದಿದ್ದೇ ಅದನ್ನ ಓದಿದ ಮೇಲೆ.

ಸರಿ, ಮಾತುಕತೆಗೆ ಬರೋಣ. ಮಾರಿಷಸ್ ಕೋರ್ಟು, ವಿಶ್ವಸಂಸ್ಥೆ ಅಂತ ಬಹಳ ವರ್ಷ ಅಲೆದಾಡಿ 2017ರಲ್ಲಿ ಸಾಮಾನ್ಯ ಸಭೆಯಲ್ಲಿ 94-15 ಮತಗಳಿಂದ ವಿಷಯವನ್ನ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಕಳಿಸುವಂತೆ ಮಾಡ್ತು. 2019ರ ಫೆಬ್ರವರಿ 25ಕ್ಕೆ ನ್ಯಾಯಾಲಯ 13-1ರಲ್ಲಿ, ಚಾಗೋಸನ್ನ ಬೇರ್ಪಡಿಸಿದ್ದು ಕಾನೂನುಬದ್ಧ ಅಲ್ಲ, ಬ್ರಿಟನ್ ಆದಷ್ಟು ಬೇಗ ಅಲ್ಲಿನ ಆಡಳಿತ ಮುಗಿಸಬೇಕು ಅಂತು. ಇಲ್ಲೇ ಪೇಪರುಗಳು ಎಡವಿದ್ದು, ಎಷ್ಟೋ ಕಡೆ ಇದು ತೀರ್ಪು, ಆದೇಶ ಅಂತ ಬಂತು. ಅದು ಸಲಹಾ ಅಭಿಪ್ರಾಯ, ಪಾಲಿಸಲೇಬೇಕು ಅನ್ನೋ ಕಟ್ಟು ಇಲ್ಲ. ಬ್ರಿಟನ್ನಲ್ಲಿ ಒಪ್ಪಂದವನ್ನ ವಿರೋಧಿಸೋ ಪಾಳಯ ಇವತ್ತಿಗೂ ಹಿಡ್ಕೊಂಡಿರೋದು ಅದೇ ಎಳೆ. ಆದ್ರೆ ಕಟ್ಟಿಲ್ಲ ಅಂದ್ರೂ ಭಾರ ಇತ್ತು, ಅದೇ ವರ್ಷ ಮೇ 22ಕ್ಕೆ ಸಾಮಾನ್ಯ ಸಭೆಯಲ್ಲಿ 116 ದೇಶ ಮಾರಿಷಸ್ ಕಡೆ, ಬರೀ 6 ದೇಶ ವಿರುದ್ಧ.

2022ರ ನವೆಂಬರಲ್ಲಿ ಬ್ರಿಟನ್ನಿನ ಆಗಿನ ವಿದೇಶಾಂಗ ಸಚಿವ ಜೇಮ್ಸ್ ಕ್ಲೆವರ್ಲಿ ಮಾತುಕತೆ ಶುರು ಅಂತ ಘೋಷಿಸಿದ್ರು. ಅವ್ರು ಕನ್ಸರ್ವೇಟಿವ್ ಪಕ್ಷದವರು, ಇದನ್ನ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಎರಡು ವರ್ಷ ಆದ್ಮೇಲೆ ಇದೇ ಪಕ್ಷ ವಿರೋಧ ಪಕ್ಷದಲ್ಲಿ ಕೂತು ಇದೇ ಮಾತುಕತೆಯ ಫಲವನ್ನ ದೇಶದ್ರೋಹ ಅನ್ನೋ ಮಟ್ಟಕ್ಕೆ ಬೈಯೋಕೆ ಶುರು ಮಾಡ್ತು, ಅವ್ರ ಪರ ಇರೋ ಪೇಪರುಗಳಲ್ಲಿ ಮಾತುಕತೆ ಶುರು ಮಾಡಿದವರು ಯಾರು ಅನ್ನೋದು ಎಲ್ಲೋ ಕೊನೇ ಪ್ಯಾರಾದಲ್ಲಿ ಇರ್ತಿತ್ತು, ಆಗ ಅಧಿಕಾರಕ್ಕೆ ಬಂದಿದ್ದ ಲೇಬರ್ ಪಕ್ಷದ ಪರ ಇರೋರ ಹತ್ರ ಅದೇ ಮೊದಲನೇ ಸಾಲು.

2024ರ ಅಕ್ಟೋಬರ್ 3ಕ್ಕೆ ಬ್ರಿಟನ್ ಪ್ರಧಾನಿಯಾಗಿದ್ದ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಮತ್ತು ಆಗಿನ ಮಾರಿಷಸ್ ಪ್ರಧಾನಿ ಪ್ರವಿಂದ್ ಜುಗ್ನಾಥ್ ಜಂಟಿ ಹೇಳಿಕೆ ಕೊಟ್ರು. ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯಾಗೊ ಗಾರ್ಸಿಯಾ ಬೇಸ್ ಮಾತ್ರ 99 ವರ್ಷ ಬ್ರಿಟನ್ ಕೈಲಿ, ಅಲ್ಲಿ ಅಮೆರಿಕ ಈಗಿರೋ ಹಂಗೇ ಇರುತ್ತೆ. ಹೇಳಿಕೆಯಲ್ಲಿ ಅಮೆರಿಕ ಮತ್ತು ಭಾರತದ ಬೆಂಬಲಕ್ಕೆ ಹೆಸರು ಹಿಡಿದು ಥ್ಯಾಂಕ್ಸ್ ಇತ್ತು. ಇಲ್ಲದೇ ಇದ್ದಿದ್ದು ಒಂದೇ, ದುಡ್ಡೆಷ್ಟು ಅಂತ. ವರ್ಷಾವರ್ಷ ಪಾವತಿ ಇರುತ್ತೆ ಅಂದ್ರು, ಅಂಕಿ ಇಲ್ಲ. ಹೇಳಿಕೆಯಲ್ಲಿ ಹಿಂಗೆ ಒಂದು ತೂತು ಬಿಟ್ರೆ ಅದ್ರಲ್ಲಿ ಏನೇನೋ ಬಂದು ತುಂಬಿಕೊಳ್ಳುತ್ತೆ. ಮುಂದಿನ ಏಳು ತಿಂಗಳು ಆಗಿದ್ದು ಅದೇ.

ಬ್ರಿಟನ್ನಲ್ಲಿ ಲಾಬಿ ಅಂತ ಒಂದು ವ್ಯವಸ್ಥೆ ಇದೆ. ಸಂಸತ್ತಿನ ಸುತ್ತ ಇರೋ ರಾಜಕೀಯ ವರದಿಗಾರರಿಗೆ ಪ್ರಧಾನಿ ಕಚೇರಿಯ ವಕ್ತಾರರು ಹೆಸರು ಹಾಕದೇ ಬರೆಯೋ ಷರತ್ತಿನ ಮೇಲೆ ಬ್ರೀಫಿಂಗ್ ಕೊಡ್ತಾರೆ. ಸುದ್ದಿಯಲ್ಲಿ ಸರ್ಕಾರಿ ಮೂಲಗಳು ಅಂತ ಬಂದ್ರೆ ಬಹಳ ಸಲ ಅದು ಇಲ್ಲಿಂದ ಅಥವಾ ಯಾವ್ದೋ ಸಚಿವರ ಸಲಹೆಗಾರರ ಫೋನಿಂದ ಬಂದಿರುತ್ತೆ. ವಿರೋಧ ಪಕ್ಷದವರಿಗೂ ಅವ್ರದೇ ಪೇಪರುಗಳಿದಾವೆ. ಸುದ್ದಿ ಹೊರಗೆ ಬರೋ ಮೂರನೇ ಬಾಗಿಲು ಅಂದ್ರೆ ಮಾರಿಷಸ್ ಸಂಸತ್ತು. 2024ರ ನವೆಂಬರ್ ಚುನಾವಣೆಯಲ್ಲಿ ಜುಗ್ನಾಥ್ ಹೀನಾಯವಾಗಿ ಸೋತು ರಾಮ್‌ಗೂಲಾಮ್ ಬಂದ್ರು, ಹಳೇ ಡೀಲ್ ಸಾಲದು ಅಂತ ಮತ್ತೆ ಮಾತಾಡೋಕೆ ಕೂತ್ರು, 2025ರ ಫೆಬ್ರವರಿಯಲ್ಲಿ ತಮ್ಮ ಸಂಸತ್ತಲ್ಲಿ ಪಾವತಿಗೆ ಹಣದುಬ್ಬರ ಸೇರಿಸಿಕೊಂಡ್ವಿ ಅಂತ ಹೇಳಿದ್ರು. ತಕ್ಷಣ ಲಂಡನ್ ಪೇಪರುಗಳಲ್ಲಿ 900 ಕೋಟಿ ಇದ್ದಿದ್ದು 1,800 ಕೋಟಿ ಪೌಂಡ್ ಆಯ್ತು ಅಂತ ಬಂತು, ಬ್ರಿಟನ್ ಸರ್ಕಾರ ಇಲ್ಲ ಅಂತು, ಆದ್ರೆ ಹಂಗಾದ್ರೆ ಎಷ್ಟು ಅಂತ ಮಾತ್ರ ಹೇಳ್ಲಿಲ್ಲ. ನೋಡಿ, ರಾಮ್‌ಗೂಲಾಮ್ ಮಾತಾಡಿದ್ದು ಅವ್ರ ಮತದಾರರಿಗೆ, ನಾನು ಜಾಸ್ತಿ ತಂದೆ ಅಂತ ತೋರಿಸ್ಬೇಕಿತ್ತು. ಸ್ಟಾರ್ಮರ್‌ಗೆ ನಾನು ಜಾಸ್ತಿ ಕೊಟ್ಟಿಲ್ಲ ಅಂತ ತೋರಿಸ್ಬೇಕಿತ್ತು. ಒಂದೇ ವಿಷಯಕ್ಕೆ ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿಯಿಂದ ಒಂದು ಸುದ್ದಿ, ಲಂಡನ್ನಿಂದ ಇನ್ನೊಂದು ಸುದ್ದಿ ಬರೋದಕ್ಕೆ ಇದಕ್ಕಿಂತ ದೊಡ್ಡ ಗುಟ್ಟು ಬೇಕಿಲ್ಲ.

ಈಗ ಆ ದುಡ್ಡಿನ ಲೆಕ್ಕ, ಸ್ವಲ್ಪ ತಾಳ್ಮೆಯಿಂದ ಓದಿ, ಯಾಕಂದ್ರೆ ಇಡೀ ಜಗಳ ಇಲ್ಲೇ ಇರೋದು.

ಸಹಿ ಆದ ಒಪ್ಪಂದದ ಪ್ರಕಾರ ಬ್ರಿಟನ್ ಮೊದಲ 3 ವರ್ಷ ವರ್ಷಕ್ಕೆ 16.5 ಕೋಟಿ ಪೌಂಡ್, 4ರಿಂದ 13ನೇ ವರ್ಷದವರೆಗೆ 12 ಕೋಟಿ, ಆಮೇಲೆ ಆ 12 ಕೋಟಿ ಹಣದುಬ್ಬರದ ಜೊತೆ ಏರ್ತಾ ಹೋಗುತ್ತೆ. ಇದ್ರ ಜೊತೆ ಚಾಗೋಸಿಯನ್ನರಿಗೆ ಅಂತ 4 ಕೋಟಿ ಪೌಂಡಿನ ಟ್ರಸ್ಟ್ ನಿಧಿ, ಮಾರಿಷಸ್ ಅಭಿವೃದ್ಧಿಗೆ 25 ವರ್ಷ ವರ್ಷಕ್ಕೆ 4.5 ಕೋಟಿ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ, ಇದು ಒಪ್ಪಂದದ ಕಾಗದದಲ್ಲೇ ಇದೆ.

ಇನ್ನು ಕೂಡೋದು ಹೆಂಗೆ? ಮುಂದಿನ 99 ವರ್ಷ ಬ್ಯಾಂಕಿಂದ ಹೋಗೋ ಅಷ್ಟೂ ಪೌಂಡನ್ನ ಹಣದುಬ್ಬರ ಸಮೇತ ಸುಮ್ನೆ ಕೂಡಿಬಿಟ್ರೆ ದೊಡ್ಡ ಮೊತ್ತ ಬರುತ್ತೆ. ವರ್ಷಕ್ಕೆ 2% ಬೆಲೆ ಏರಿಕೆ ಅಂತ ಇಟ್ಟುಕೊಂಡ್ರೂ ಇವತ್ತಿನ 12 ಕೋಟಿ 85 ವರ್ಷದಲ್ಲಿ 64 ಕೋಟಿ ದಾಟುತ್ತೆ. 2025ರ ಆಗಸ್ಟಲ್ಲಿ ಲಂಡನ್ನಿನ ಟೆಲಿಗ್ರಾಫ್ ಪೇಪರ್ ಛಾಪಿಸಿದ 3,470 ಕೋಟಿ ಪೌಂಡ್ ಈ ಥರದ್ದು, ಅದೂ ಸರ್ಕಾರದ ಆಕ್ಚುವರಿ ಇಲಾಖೆ (ಬಹಳ ವರ್ಷದ ಪಾವತಿಗಳ ಲೆಕ್ಕ ಹಾಕೋ ಇಲಾಖೆ) ಮಾಡಿದ್ದೇ ಲೆಕ್ಕ, ಕನ್ಸರ್ವೇಟಿವ್ ಪಕ್ಷದವರು ಮಾಹಿತಿ ಹಕ್ಕಿನಲ್ಲಿ ತೆಗೆಸಿದ್ದು. ಹಣದುಬ್ಬರ ಕಳೆದು ಎಲ್ಲಾ ವರ್ಷವನ್ನೂ ಇವತ್ತಿನ ಬೆಲೆಗೆ ತಂದ್ರೆ ಸರಾಸರಿ ವರ್ಷಕ್ಕೆ 10.1 ಕೋಟಿ, 99ರಿಂದ ಗುಣಿಸಿದ್ರೆ ಹೆಚ್ಚುಕಮ್ಮಿ 1,000 ಕೋಟಿ ಪೌಂಡ್. ಇದ್ರ ಮೇಲೆ ಇನ್ನೊಂದು ಹೆಜ್ಜೆ ಇದೆ, ಇವತ್ತು ಕೊಡೋ ದುಡ್ಡಿಗಿಂತ ಮೂವತ್ತು ವರ್ಷ ಬಿಟ್ಟು ಕೊಡೋ ದುಡ್ಡಿನ ಭಾರ ಕಮ್ಮಿ ಅನ್ನೋ ಹಣಕಾಸು ತರ್ಕ. ಬ್ರಿಟನ್ ಖಜಾನೆ ಸರ್ಕಾರಿ ಯೋಜನೆಗಳಿಗೆಲ್ಲಾ 3.5% ದರದಲ್ಲಿ ಇದನ್ನ ಕಳೆಯುತ್ತೆ, ಬಹಳ ದೂರದ ವರ್ಷಗಳಿಗೆ ದರ ಸ್ವಲ್ಪ ಇಳಿಸುತ್ತೆ. ಈ ಲೆಕ್ಕದಲ್ಲಿ 30 ವರ್ಷ ಬಿಟ್ಟು ಕೊಡೋ 100 ಪೌಂಡಿಗೆ ಇವತ್ತಿನ ತೂಕ ಸುಮಾರು 36 ಪೌಂಡ್ ಅಷ್ಟೇ. ಹಿಂಗೆಲ್ಲಾ ಇಳಿಸಿದ್ಮೇಲೆ ಉಳಿಯೋದೇ ಸರ್ಕಾರ ಹೇಳಿದ 340 ಕೋಟಿ.

ನನ್ನ ಕೇಳಿದ್ರೆ, 340 ಕೋಟಿ ಅನ್ನೋದು ಸುಳ್ಳಲ್ಲ, ಆದ್ರೆ ಅದನ್ನ ಹೆಂಗೆ ಬಂತು ಅಂತ ಹೇಳದೇ ಹೆಡ್‌ಲೈನಿಗೆ ಕೊಟ್ಟಿದ್ದು ಜಾಣತನ. 3,470 ಕೋಟಿನೂ ಸುಳ್ಳಲ್ಲ, ಆದ್ರೆ 2110ನೇ ಇಸವಿಯ ಪೌಂಡನ್ನೂ ಇವತ್ತಿನ ಪೌಂಡನ್ನೂ ಒಂದೇ ಚೀಲಕ್ಕೆ ಹಾಕಿ ತೂಗೋದು ಇನ್ನೊಂದು ಜಾಣತನ. ಮಾಮೂಲಿ ಓದುಗರಿಗೆ ಅರ್ಥ ಆಗೋದು ವರ್ಷಕ್ಕೆ 10.1 ಕೋಟಿ ಅನ್ನೋದು, ಅದನ್ನ ದೊಡ್ಡ ಅಕ್ಷರದಲ್ಲಿ ಹಾಕಿದವರು ಕಮ್ಮಿ. ಯಾವ ಪಕ್ಷಕ್ಕೂ ಅದ್ರಿಂದ ಲಾಭ ಇಲ್ವಲ್ಲಾ.

ನಮ್ಮ ಕಡೆ ಮಾಧ್ಯಮದ ವಿಷಯ. ಕನ್ನಡ ಪೇಪರುಗಳಿಗೆ ಇಂಥ ಸುದ್ದಿ ಹೆಚ್ಚಾಗಿ ಏಜೆನ್ಸಿ ಕಾಪಿಯಾಗಿ ಬರುತ್ತೆ, ಅದು ದೆಹಲಿ ಮೂಲಕ ಬಂದ್ರೆ ವಿದೇಶಾಂಗ ಸಚಿವಾಲಯ ಒಪ್ಪಂದವನ್ನ ಸ್ವಾಗತಿಸಿದೆ ಅನ್ನೋದೇ ಮೊದಲ ಸಾಲು. ಭಾರತ ಮೊದಲಿಂದ್ಲೂ ಮಾರಿಷಸ್ ಪರ ಇತ್ತು ನಿಜ, 2017ರಲ್ಲೂ 2019ರಲ್ಲೂ ಅದ್ರ ಪರವೇ ಓಟು ಹಾಕಿದೆ. ಅಲ್ಲಿನ ಜನರಲ್ಲಿ ಮೂರರಲ್ಲಿ ಎರಡು ಪಾಲು ಭಾರತ ಮೂಲದವರು. ಮಾರಿಷಸ್‌ನದೇ ಆದ ಅಗಲೇಗಾ ದ್ವೀಪದಲ್ಲಿ ಭಾರತ ಕಟ್ಟಿಸಿದ ರನ್‌ವೇ 2024ರ ಫೆಬ್ರವರಿ 29ಕ್ಕೆ ಉದ್ಘಾಟನೆ ಆಯ್ತು. ಇಷ್ಟೆಲ್ಲಾ ಇದ್ದೂ ಟೀವಿಯಲ್ಲಿ ಚಾಗೋಸ್ ನಮ್ಮ ಗೆಲುವು ಅಂತ ಕುಣಿದಿದ್ದು ಸ್ವಲ್ಪ ಅತಿ ಆಯ್ತು, ಬೇಸ್ ಅಮೆರಿಕದ ಕೈಲೇ ಇದೆ, 99 ವರ್ಷ ಆದ್ಮೇಲೆ ಇನ್ನೂ 40 ವರ್ಷ ಮುಂದುವರಿಸೋ ಅವಕಾಶನೂ ಇದೆ.

ಬ್ರಿಟಿಷ್ ಟ್ಯಾಬ್ಲಾಯ್ಡುಗಳಲ್ಲಿ ಇದಕ್ಕೆ ಉಲ್ಟಾ. ಮಾರಿಷಸ್ ಚೀನಾದ ಗೆಳೆಯ, ಪಕ್ಕದ ದ್ವೀಪದಲ್ಲಿ ಚೀನಾ ಬಂದು ಕೂರುತ್ತೆ ಅಂತ. ಚೀನಾ ಜೊತೆ ಮಾರಿಷಸ್‌ಗೆ 2021ರಿಂದ ಮುಕ್ತ ವ್ಯಾಪಾರ ಒಪ್ಪಂದ ಇರೋದು ಹೌದು, ಆದ್ರೆ ಅದು ಚೀನಾದ ಬೆಲ್ಟ್ ಅಂಡ್ ರೋಡ್ ಅನ್ನೋ ರಸ್ತೆ-ಬಂದರು ಯೋಜನೆಗೆ ಸೇರಿಲ್ಲ ಅನ್ನೋದನ್ನ ಬಿಟ್ಟುಬಿಡ್ತಾರೆ. ಡಿಯಾಗೊ ಗಾರ್ಸಿಯಾ ಸುತ್ತ 24 ನಾಟಿಕಲ್ ಮೈಲಿ ಒಳಗೆ ಬ್ರಿಟನ್ ಒಪ್ಪದೇ ಏನೂ ಕಟ್ಟೋ ಹಾಗಿಲ್ಲ, ಬೇರೆ ದೇಶದ ಸೈನ್ಯ ಉಳಿದ ದ್ವೀಪಗಳಿಗೆ ಬರೋ ಹಾಗಿಲ್ಲ ಅಂತ ಒಪ್ಪಂದದಲ್ಲಿ ಬರೆದಿದೆ, ಅದನ್ನೂ ಹೇಳಲ್ಲ. ನಮ್ಮ ಮಾಜಿ ಸೈನಿಕರು ಫಾರ್ವರ್ಡ್ ಮಾಡೋ ಎಷ್ಟೋ ಲೇಖನ ಲಂಡನ್ನಿನ ಇದೇ ಪಾಳಯದ್ದು. ಚೀನಾ ಹೆಸರು ಇದ್ರೆ ನಾವು ಜಾಸ್ತಿ ಯೋಚ್ನೆ ಮಾಡದೇ ಮುಂದಕ್ಕೆ ಕಳಿಸ್ತೀವಿ ಅಲ್ವಾ.

ಇನ್ನು ಎಲ್ಲಾ ಪೇಪರುಗಳೂ ಸಮಾನವಾಗಿ ಹಿಂದೆ ಬಿದ್ದಿದ್ದು ಚಾಗೋಸಿಯನ್ನರ ವಿಷಯದಲ್ಲಿ. ಎರಡು ಸರ್ಕಾರ ಕೂತ ಮೇಜಲ್ಲಿ ಅವ್ರಿಗೆ ಕುರ್ಚಿ ಇರ್ಲಿಲ್ಲ, ಹಂಗಾಗಿ ಬ್ರೀಫಿಂಗ್ ಕೊಡೋಕೂ ಅವ್ರ ಹತ್ರ ಏನೂ ಇರ್ಲಿಲ್ಲ, ಬ್ರೀಫಿಂಗ್ ಇಲ್ಲ ಅಂದ್ರೆ ಸುದ್ದಿ ಇಲ್ಲ. ಬೈಟ್ ಬೇಕಾದಾಗ ಒಬ್ಬರನ್ನ ಹುಡುಕಿ ಅವ್ರ ಮಾತನ್ನ ಎಲ್ಲಾ ಚಾಗೋಸಿಯನ್ನರ ಮಾತು ಅಂತ ಹಾಕಿಬಿಡೋದು. ಆದ್ರೆ ಅವ್ರಲ್ಲಿ ಒಮ್ಮತ ಇಲ್ಲ. ಮಾರಿಷಸ್ಸಲ್ಲಿರೋ ಒಲಿವಿಯೆ ಬಾಂಕೂ, 2000ದಲ್ಲಿ ಲಂಡನ್ ಹೈಕೋರ್ಟಲ್ಲಿ ವಾಪಸ್ ಹೋಗೋ ಹಕ್ಕಿಗೆ ಕೇಸ್ ಗೆದ್ದವರು, ಅವ್ರು ಒಪ್ಪಂದದ ಪರ. ಗ್ಯಾಟ್‌ವಿಕ್ ಏರ್‌ಪೋರ್ಟ್ ಹತ್ರ ಕ್ರಾಲಿ ಅನ್ನೋ ಊರಲ್ಲಿ ನೆಲೆಸಿರೋ ಬಹಳ ಜನ ವಿರುದ್ಧ, ಮಾರಿಷಸ್ ನಮ್ಮನ್ನ ಯಾವತ್ತು ಚೆನ್ನಾಗಿ ನೋಡ್ಕೊಂಡಿತ್ತು ಅನ್ನೋದು ಅವ್ರ ಪ್ರಶ್ನೆ. ಟೋರಿ, ಅಂದ್ರೆ ಕನ್ಸರ್ವೇಟಿವ್ ಪರ ಇರೋ ಪೇಪರ್ ಕ್ರಾಲಿಗೆ ಹೋಗುತ್ತೆ, ಇನ್ನೊಂದು ಪೇಪರ್ ಬಾಂಕೂಗೆ ಫೋನ್ ಮಾಡುತ್ತೆ.

ಸಹಿ ಹಾಕೋ ದಿನ ಮಾತ್ರ ಅವ್ರನ್ನ ಬಿಟ್ಟು ಬರೆಯೋಕೆ ಆಗ್ಲಿಲ್ಲ. ಡಿಯಾಗೊ ಗಾರ್ಸಿಯಾದಲ್ಲಿ ಹುಟ್ಟಿದ ಇಬ್ಬರು ಹೆಂಗಸರು, ಬರ್ನಡೆಟ್ ಡುಗಾಸ್ ಮತ್ತು ಬರ್ಟ್ರಿಸ್ ಪಾಂಪ್, ಕೋರ್ಟಿಗೆ ಹೋಗಿ ಬೆಳಗಿನ ಜಾವ ಎರಡೂವರೆ ಸುಮಾರಿಗೆ ತಡೆ ತಂದ್ರು. ಸಹಿ ನಿಂತೇ ಹೋಯ್ತಾ ಅಂತ ಲೈವ್ ಅಪ್‌ಡೇಟ್ ಓಡಿದ್ದೇ ಓಡಿದ್ದು. ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬ ಜಡ್ಜ್ ತಡೆ ತೆಗೆದ್ರು, ಸ್ವಲ್ಪ ಹೊತ್ತಲ್ಲೇ ಸಹಿನೂ ಆಯ್ತು. ಒಪ್ಪಂದದ ಪ್ರಕಾರ ಉಳಿದ ದ್ವೀಪಗಳಲ್ಲಿ ಮಾರಿಷಸ್ ಜನರನ್ನ ಮತ್ತೆ ನೆಲೆಗೊಳಿಸಬಹುದು, ಡಿಯಾಗೊ ಗಾರ್ಸಿಯಾದಲ್ಲಿ ಆಗಲ್ಲ. ಆ ಇಬ್ಬರು ಹುಟ್ಟಿದ್ದು ಅಲ್ಲೇ.

ವರದಿಗಾರರು ಖುದ್ದಾಗಿ ಹೋಗಿ ನೋಡೋಣ ಅಂದ್ರೂ ಆ ದ್ವೀಪಕ್ಕೆ ಪ್ರವೇಶ ಇಲ್ಲ. ದಶಕಗಳಿಂದ ಮುಚ್ಚಿದ ಬಾಗಿಲು ಸ್ವಲ್ಪ ತೆರೆದಿದ್ದು 2024ರ ಸೆಪ್ಟೆಂಬರಲ್ಲಿ, ಅದೂ ಬೇರೆ ಕಾರಣಕ್ಕೆ. 2021ರ ಅಕ್ಟೋಬರಲ್ಲಿ ಶ್ರೀಲಂಕಾದ ತಮಿಳರು ತುಂಬಿದ್ದ ಒಂದು ದೋಣಿ ಕಷ್ಟಕ್ಕೆ ಸಿಕ್ಕಿ ಅಲ್ಲಿಗೆ ಬಂದಿತ್ತು, ಅವ್ರನ್ನ ಮೂರು ವರ್ಷ ಟೆಂಟುಗಳಲ್ಲಿ ಇಟ್ಟಿದ್ರು. ಅವ್ರ ಕೇಸಿನ ವಿಚಾರಣೆಗೆ ಕೋರ್ಟೇ ದ್ವೀಪಕ್ಕೆ ಹೋಗಬೇಕಾಯ್ತು, ಜುಲೈಯಲ್ಲಿ ಅಮೆರಿಕ ಅದಕ್ಕೂ ತಡೆ ಹಾಕಿತ್ತು, ಕೊನೆಗೆ ಬಿಬಿಸಿಯವರು ಬೆಂಗಾವಲಿನ ಜೊತೆ ಒಳಗೆ ಹೋದ್ರು. ಆ ಡಿಸೆಂಬರಲ್ಲಿ ಜಡ್ಜ್ ಆ ತಮಿಳರ ಬಂಧನ ಕಾನೂನುಬಾಹಿರ ಅಂದ್ರು. ದ್ವೀಪದ ಒಳಗಿನ ನೇರ ವರದಿ ಅಂತ ನಾವು ಓದಿರೋದ್ರಲ್ಲಿ ಬಹಳಷ್ಟು ಈ ಕೇಸಿನಿಂದ ಬಂದಿದ್ದು.

ಕೊನೇದಾಗಿ ಒಂದು ತಾಂತ್ರಿಕ ವಿಷಯ, ಸುದ್ದಿಗಳಲ್ಲಿ ಪದೇ ಪದೇ ಗೊಂದಲ ಆಗೋದು. ಸಹಿ ಆದ ತಕ್ಷಣ ದ್ವೀಪ ಹಸ್ತಾಂತರ ಆಯ್ತು ಅಂತ ಎಷ್ಟೋ ಕಡೆ ಬಂತು. ಸಹಿ ಆದ್ರೆ ಒಪ್ಪಂದ ಜಾರಿ ಆಗಲ್ಲ, ಬ್ರಿಟನ್ ತನ್ನ ಕಾನೂನನ್ನ ಬದಲಾಯಿಸೋಕೆ ಸಂಸತ್ತಲ್ಲಿ ಮಸೂದೆ ಪಾಸ್ ಮಾಡ್ಬೇಕು, ಆಮೇಲೆ ಎರಡೂ ದೇಶ ಎಲ್ಲಾ ಪ್ರಕ್ರಿಯೆ ಮುಗೀತು ಅಂತ ಪರಸ್ಪರ ತಿಳಿಸ್ಬೇಕು, ಆಮೇಲೇ ಜಾರಿ. ಈ ಮಧ್ಯದ ಗ್ಯಾಪಲ್ಲಿ ಏನು ಬೇಕಾದ್ರೂ ಆಗಬಹುದು. 2025ರ ಫೆಬ್ರವರಿಯಲ್ಲಿ ಸ್ಟಾರ್ಮರ್ ಪಕ್ಕದಲ್ಲಿ ಕೂತು ಈ ಒಪ್ಪಂದಕ್ಕೆ ಹೂಂ ಅನ್ನೋ ಧಾಟಿಯಲ್ಲಿ ಮಾತಾಡಿದ್ದ ಟ್ರಂಪ್, 2026ರ ಜನವರಿಯಲ್ಲಿ ಅದೇ ಒಪ್ಪಂದ ದೊಡ್ಡ ಮೂರ್ಖತನ ಅಂತ ಪೋಸ್ಟ್ ಹಾಕಿದ್ರು. ಇನ್ಮುಂದೆ ಚಾಗೋಸ್ ಅಂತ ಸುದ್ದಿ ಬಂದ್ರೆ ಮೊದಲು ನೋಡಬೇಕಾದ್ದು ಮಸೂದೆ ಎಲ್ಲಿದೆ ಅಂತ, ಪೋಸ್ಟ್ ಯಾರು ಹಾಕಿದ್ರು ಅನ್ನೋದು ಅದಾದ್ಮೇಲೆ.